ನೋವಾದರೆ ಎಡಗೈ ಎತ್ತಿ

"ನೋವಾದ್ರೆ ಎಡಗೈ ಎತ್ತಿ ಟೀಚರ್. ಆ ಕ್ಷಣವೇ ನಿಲ್ಲಿಸಿಬಿಡ್ತೀನಿ," ಎನ್ನುತ್ತ ಹಲ್ಲಿನ ಡಾಕ್ಟರು ಕುರ್ಚಿಯನ್ನು ಹಿಂದಕ್ಕೆ ಬಾಗಿಸಿದರು. ಅದರಲ್ಲಿ ಮಲಗಿದ್ದವರು ಡಾಕ್ಟರನ್ನೂ ಸೇರಿಸಿ ಊರಿನ ಅರ್ಧ ಜನಕ್ಕೆ ಅಕ್ಷರ ಕಲಿಸಿ ನಿವೃತ್ತರಾದ ಹೆಡ್‌ಮಿಸ್ಟ್ರೆಸ್. ಇಂಜೆಕ್ಷನ್ ಕೊಟ್ಟು ಎರಡು ನಿಮಿಷವೂ ಆಗಿರಲಿಲ್ಲ. ತುಟಿ, ನಾಲಿಗೆ ಮರಗಟ್ಟಿದ್ದವು. ಹಲ್ಲಿನ ಬುಡಕ್ಕೆ ಮಾತ್ರ ಆ ಸುದ್ದಿ ಇನ್ನೂ ಮುಟ್ಟಿರಲಿಲ್ಲ.

ಡಾಕ್ಟರಿಗೆ ಇವತ್ತು ಹಲ್ಲಿಗಿಂತ ಸಹಿಯ ಮೇಲೆ ಕಣ್ಣು. ಊರಿನ ಫುಟ್‌ಬಾಲ್ ತಂಡದ ನಾಲ್ವರ ಮೇಲೆ ಒಬ್ಬ ಹುಡುಗಿ ಅತ್ಯಾಚಾರದ ದೂರು ಕೊಟ್ಟು, ಕೋರ್ಟಿನಲ್ಲಿ ಆರು ವಾರದಿಂದ ವಿಚಾರಣೆ ನಡೆಯುತ್ತಿತ್ತು. ಕೋರ್ಟಿನಲ್ಲಿ ಜಡ್ಜ್ ಒಬ್ಬರೇ. ಹೊರಗೆ ಊರಿಗೆ ಊರೇ ಜಡ್ಜ್. 'ನಮ್ಮ ಹುಡುಗರ ಪರ ನಾವಿದ್ದೇವೆ' ಎಂದು ಪತ್ರಿಕೆಗೆ ಕಳಿಸಲು ಡಾಕ್ಟರೇ ಒಂದು ಕಾಗದ ಬರೆದಿದ್ದರು. ತಂಡದ ಕ್ಯಾಪ್ಟನ್ ಅವರ ಪೇಷೆಂಟ್. ಅವನ ದವಡೆ ಹಲ್ಲನ್ನು ಕಿತ್ತು, ಪುಟ್ಟ ಬಾಟಲಿಗೆ ಹಾಕಿ, ಗಾಜಿನ ಬೀರುವಿನಲ್ಲಿಟ್ಟು, ಬಂದವರಿಗೆಲ್ಲ ತೋರಿಸಿ ಬೀಗುತ್ತಿದ್ದರು. ಆದರೆ ಬೀದಿಯವರೆಲ್ಲ "ಮೊದ್ಲು ಟೀಚರ್ ಹಾಕ್ಲಿ, ಆಮೇಲೆ ನಾವು" ಎಂದು ಜಾರಿಕೊಂಡಿದ್ದರಿಂದ ಕಾಗದದ ಕೆಳಗಿನ ಸಾಲುಗಳೆಲ್ಲ ಖಾಲಿ ಇದ್ದವು. ಟೀಚರೋ, "ಮೊದ್ಲು ಹಲ್ಲು, ಆಮೇಲೆ ಕಾಗದ. ಓದದೆ ನಾನು ಎಲ್ಲೂ ಸಹಿ ಹಾಕಿದವಳಲ್ಲ" ಎಂದುಬಿಟ್ಟಿದ್ದರು. ಅವರು ಓದುವಷ್ಟರಲ್ಲಿ ಅವರ ಮನಸ್ಸನ್ನು ಹದ ಮಾಡಿಡೋಣವೆಂದು ಡಾಕ್ಟರು ಹೊರಟಿದ್ದರು.

"ನೀವೇ ಹೇಳಿ ಟೀಚರ್," ಎಂದರು, ಅವರ ಬಾಯಿಗೆ ಕನ್ನಡಿ, ಹತ್ತಿ, ಟ್ಯೂಬು, ಜೊತೆಗೆ ತಮ್ಮ ಎರಡು ಬೆರಳನ್ನೂ ತುರುಕಿ. "ಆ ಹುಡುಗಿಗೆ ಬಾಯಿ ಇರ್ಲಿಲ್ವಾ? ಬೇಡ ಅನ್ನೋಕೆ ಎಷ್ಟು ಹೊತ್ತು ಬೇಕು?"

ಕೊರೆಯುವ ಯಂತ್ರ ಗುಂಯ್ ಎಂದಿತು. ಟೀಚರ ಎಡಗೈ ಮೇಲೆದ್ದಿತು.

"ಇರಿ ಇರಿ, ನಿಮ್ಮ ಅಭಿಪ್ರಾಯ ಆಮೇಲೆ ಕೇಳ್ತೀನಿ. ಕ್ಲಾಸಲ್ಲಿ ನಮ್ ಕೈಯೆಲ್ಲ ಎತ್ತಿಸಿ ಎತ್ತಿಸಿ ನಿಮಗೂ ಅದೇ ಅಭ್ಯಾಸ ಆಗಿಹೋಗಿದೆ," ಎಂದು ತಮ್ಮ ಜೋಕಿಗೆ ತಾವೇ ನಕ್ಕರು. "ಪಕ್ಕದ ರೂಮಲ್ಲೇ ಜನ ಇದ್ರಂತೆ ಟೀಚರ್. ಒಂದು ಸಲ ಕಿರುಚಿದ್ರೆ ಸಾಕಿತ್ತು, ಓಡಿ ಬರ್ತಿದ್ರು."

ಇಲ್ಲೂ ಪಕ್ಕದ ರೂಮಿನಲ್ಲಿ ಐದು ಜನ ಇದ್ದರು. ದವಡೆ ಹಿಡಿದುಕೊಂಡು ಬೆಂಚಿನ ಮೇಲೆ ಸಾಲಾಗಿ ಕೂತು, ಟಿವಿಯಲ್ಲಿ ಇದೇ ವಿಷಯದ ಜಗಳ ನೋಡುತ್ತಿದ್ದರು. ಟೀಚರ ಗಂಟಲಿನಿಂದ ಹೊರಟ 'ಆಂ' ಬಾಗಿಲವರೆಗೂ ಹೋಗಲಿಲ್ಲ. ಕೈ ಮತ್ತೆ ಎದ್ದಿತು.

"ಡಾಕ್ಟ್ರೇ, ಟೀಚರ್ ಕೈ..." ಎಂದಳು, ಎಂಜಲು ಎಳೆಯುವ ಟ್ಯೂಬ್ ಹಿಡಿದು ನಿಂತಿದ್ದ ನರ್ಸ್.

"ನೀನು ಟ್ಯೂಬ್ ಸರಿಯಾಗಿ ಹಿಡಿಯಮ್ಮ. ಯಾರಿಗೆ ಎಷ್ಟು ನೋವಾಗುತ್ತೆ ಅಂತ ಇಪ್ಪತ್ತು ವರ್ಷದಿಂದ ನೋಡ್ತಿದ್ದೀನಿ."

ಮೂರನೆಯ ಸಲ ಎದ್ದ ಕೈಯನ್ನು ಡಾಕ್ಟರು ಪ್ರೀತಿಯಿಂದಲೇ ಹಿಡಿದು ಕುರ್ಚಿಯ ತೋಳಿಗೆ ಒತ್ತಿದರು. "ಆಯ್ತು ಆಯ್ತು, ಇನ್ನೇನು ಮುಗೀತು. ನೀವು ಗಟ್ಟಿಗಿತ್ತಿ. ಇದನ್ನ ಕೇಳಿ, ಮಾರನೇ ದಿನ ಬೆಳಿಗ್ಗೆ ಅದೇ ಹುಡುಗಿ ಅವರಿಗೆಲ್ಲ ನಗ್ತಾ ಬೈ ಹೇಳಿ ಹೋದ್ಳಂತೆ! ನೋವಾಗಿದ್ದೋರು ನಗ್ತಾರಾ?"

ಟೀಚರ ಕಣ್ಣಿನಿಂದ ನೀರು ಇಳಿದು ಕಿವಿಯೊಳಗೆ ಹೋಯಿತು. ಅದನ್ನು ನೋಡಿದವಳು ನರ್ಸ್ ಒಬ್ಬಳೇ. ಅವಳಿಗೆ ಮೈಯೆಲ್ಲ ಉರಿಯಿತು. ಆದರೆ ಕೆಲಸಕ್ಕೆ ಸೇರಿ ಎರಡು ತಿಂಗಳಾಗಿತ್ತಷ್ಟೇ, ಬಾಯಿ ಮುಚ್ಚಿಕೊಂಡು ಟ್ಯೂಬ್ ಹಿಡಿದಳು.

ಕೊನೆಗೂ ಕುರ್ಚಿ ನೆಟ್ಟಗಾಯಿತು. ಟೀಚರ್ ಬಾಯಿ ಮುಕ್ಕಳಿಸಿದರು. ಅರ್ಧ ನೀರು ಬೇಸಿನ್ನಿಗೆ, ಅರ್ಧ ಕೊರಳಿನ ಟವೆಲಿಗೆ. ಎದ್ದು ನಿಂತು ಡಾಕ್ಟರ ಮುಖ ನೋಡಿದವರೇ ಸೊಟ್ಟ ಬಾಯಲ್ಲಿ ನಕ್ಕು, "ತ್ಯಾಂತ್ಯೂ" ಎಂದುಬಿಟ್ಟರು. ಮರ್ಯಾದಸ್ಥರ ನಾಲಿಗೆಗೆ ಅದೊಂದು ರೋಗ, ಮರಗಟ್ಟಿದರೂ ಬಿಡುವುದಿಲ್ಲ. ಹಾಗೆ ಅಂದುಬಿಟ್ಟ ಮೇಲೆ ಟೀಚರಿಗೇ ಗಾಬರಿಯಾಯಿತು. ಇಷ್ಟೆಲ್ಲ ಆದರೂ ನಾನು ನಕ್ಕೆನಲ್ಲ!

"ನೋಡಿದ್ಯಾ?" ಡಾಕ್ಟರು ನರ್ಸ್ ಕಡೆ ತಿರುಗಿದರು. "ಒಂಚೂರೂ ನೋವಾಗಿಲ್ಲ ಅವರಿಗೆ. ಆ ಕಾಗದ ತಾ."

ಟೀಚರ್ ಕನ್ನಡಕ ಹಾಕಿಕೊಂಡು ಕಾಗದವನ್ನು ಮೊದಲಿನಿಂದ ಕೊನೆಯವರೆಗೆ ಎರಡು ಸಲ ಓದಿದರು. ಏನೋ ಹೇಳಲು ನೋಡಿದರು, ನಾಲಿಗೆ ಹೊರಳಲಿಲ್ಲ. ಡಾಕ್ಟರು ಪೆನ್ನಿನ ಮುಚ್ಚಳ ತಾವೇ ತೆಗೆದು ಕೈಗಿಟ್ಟರು.

"ಮಾತಾಡ್ಬೇಡಿ, ಆಯಾಸ ಮಾಡ್ಕೋಬೇಡಿ. ಇಷ್ಟು ಹೊತ್ತು ನೀವು ಒಂದು ಮಾತೂ ಎದುರಾಡ್ಲಿಲ್ಲ, ಆಗ್ಲೇ ಗೊತ್ತಾಯ್ತು ನನಗೆ, ನೀವು ನಮ್ಮ ಕಡೆ ಅಂತ. ಇಲ್ಲಿ, ಮೊದಲನೇ ಸಾಲು ನಿಮ್ಮದೇ."

ಟೀಚರ್ ಬರೆದರು. ಕರಿಹಲಗೆಯ ಮೇಲೆ ಬರೆದಂತೆ ದುಂಡಗೆ, ಒಂದೊಂದೇ ಅಕ್ಷರ. ಸಹಿ ಇಷ್ಟು ಉದ್ದವೇ ಎಂದು ಡಾಕ್ಟರು ಬಗ್ಗಿ ಜೋರಾಗಿ ಓದಿದರು:

"ನಾನು ಮೂರು ಸಲ ಎಡಗೈ ಎತ್ತಿದೆ."

"ಅಯ್ಯೋ ಟೀಚರ್! ಅಷ್ಟು ನೋವಾಗಿದ್ರೆ ಒಂದು ಸಲ ಜೋರಾಗಿ ಕಿರುಚೋದಲ್ವಾ..." ಎಂದವರಿಗೆ ತಮ್ಮ ಮಾತು ತಮ್ಮ ಕಿವಿಗೇ ಬಿತ್ತು. ಯಾರೂ ಇಂಜೆಕ್ಷನ್ ಕೊಡದಿದ್ದರೂ ಅವರ ಬಾಯಿ ತೆರೆದದ್ದು ತೆರೆದಂತೆಯೇ ಇತ್ತು.

ನರ್ಸ್ ಟ್ಯೂಬನ್ನು ಕೆಳಗಿಟ್ಟು ಕೈಗವಸು ಕಳಚಿದಳು. ಟೀಚರ ಕೈಯಿಂದ ಪೆನ್ನು ತೆಗೆದುಕೊಂಡು ಎರಡನೆಯ ಸಾಲಿನಲ್ಲಿ ಬರೆದಳು:

"ನಾನು ನೋಡಿದೆ."