ಬಾಟಲಿಯೊಳಗಿನ ಡಾಲರ್

ಪಂಚಾಕ್ಷರಿ ಫೋನಿನ ಬಾಯಿಗೆ ಕರ್ಚೀಫು ಸುತ್ತಿ, ಕಾಯಿನ್ ಬಾಕ್ಸಿಗೆ ರೂಪಾಯಿ ಹಾಕಿದ. ಪಕ್ಕದಲ್ಲಿ ನಿಂತಿದ್ದ ಆಫೀಸಿನ ಗೆಳೆಯ ಅಂಜಿನಯ್ಯ ಆಗಲೇ ನಗಲು ಶುರು ಮಾಡಿದ್ದ.

“ನಗಬೇಡ ಮಗಾ, ಸಾಹೇಬ್ರ ಮರ್ಯಾದೆ ಹೋಗುತ್ತೆ.”

ಅತ್ತಲಿಂದ “ಹಲೋ” ಕೇಳಿದ್ದೇ ತಡ, ಪಂಚಾಕ್ಷರಿಯ ಗಂಟಲಿಗೆ ಐವತ್ತೈದು ವರ್ಷ ವಯಸ್ಸಾಯಿತು, ಮೂಗಿಗೆ ನೆಗಡಿ ಹಿಡಿಯಿತು.

“ಶಂಭುಲಿಂಗಪ್ಪನವರಾ? ನಾವು ವಿದೇಶಿ ಹಣದ ತನಿಖೆಯವರು. ನಿಮ್ಮ ಮನೇಲಿ ಡಾಲರ್ ಇದೆ ಅಂತ ದೂರು ಬಂದಿದೆ.”

“ಅದು ಚೂರು ಸಾರ್. ಬರೀ ಚೂರು.”

“ಚೂರಾದರೂ ಡಾಲರ್ ತಾನೆ? ಸೋಮವಾರ ಬರ್ತೀವಿ. ಅಷ್ಟರಲ್ಲಿ ಎಲ್ಲಾ ಅಂಟಿಸಿ ಇಟ್ಟಿರಿ. ನಂಬರ್ ಬರ್ಕೋಬೇಕು.”

“ಅಂಟಲ್ಲ ಸಾರ್,” ಎಂದಿತು ಅತ್ತಲಿನ ದನಿ, ಅಳುವಂತೆ.

ಪಂಚಾಕ್ಷರಿ ಫೋನಿಟ್ಟು ಅಂಜಿನಯ್ಯನ ಹೆಗಲಿಗೆ ಒರಗಿದ. ಇಬ್ಬರೂ ನವರಂಗ್ ಸರ್ಕಲ್ಲಿನವರೆಗೂ ನಗುತ್ತಲೇ ನಡೆದರು.

ಕಟ್ಟುಕಥೆ ಎಂದುಕೊಳ್ಳಬೇಡಿ. ಡಾಲರ್ ಎಂಬ ಮಾತು ಕೇಳಿದರೇ ಜನ ಜೈಲು ನೆನೆಯುತ್ತಿದ್ದ ಎಂಬತ್ತೈದನೇ ಇಸವಿ ಅದು. ಶಂಭುಲಿಂಗಪ್ಪ ಬಸವೇಶ್ವರನಗರದಲ್ಲಿ ಪಂಚಾಕ್ಷರಿಯ ಮನೆ ಮಾಲೀಕರು. ಅವರ ಬಾಮೈದ ಚನ್ನಮಲ್ಲಪ್ಪನನ್ನು ದಾವಣಗೆರೆಯ ಕಾರ್ಖಾನೆಯವರು ತರಬೇತಿಗೆಂದು ಅಮೆರಿಕಾಕ್ಕೆ ಕಳಿಸಿದ್ದರು. ಅಲ್ಲಿ ಹಳೇ ನೋಟುಗಳನ್ನು ಯಂತ್ರಕ್ಕೆ ಕೊಟ್ಟು ಶಾವಿಗೆಯಂತೆ ಚೂರು ಮಾಡುತ್ತಾರೆ. ಆ ಚೂರನ್ನೂ ಬಾಟಲಿಗೆ ತುಂಬಿ ನೋಡಲು ಬಂದವರಿಗೆ ಮಾರುತ್ತಾರೆ. ಅಂಥದೊಂದು ಬಾಟಲಿಯನ್ನು ಅವನು ಅಕ್ಕ ಗಿರಿಜಾದೇವಿಗೆ ತಂದುಕೊಟ್ಟಿದ್ದ.

ಅದು ಷೋಕೇಸ್ ಸೇರಿತು. ಮನೆಗೆ ಬಂದವರಿಗೆಲ್ಲ ಮೊದಲು ನೋಟಿನ ನೋಟ, ಆಮೇಲೆ ಕಾಫಿ. ಚೂರಿನ ಬಗ್ಗೆ ದಂಪತಿಗಳ ಹೆಮ್ಮೆ ಚೂರೂ ಕಡಿಮೆ ಇರಲಿಲ್ಲ. ಮೊದಮೊದಲು ಶಂಭುಲಿಂಗಪ್ಪನವರೇ ಮುಚ್ಚಳ ತೆಗೆದು, ಪ್ರಸಾದದಂತೆ ಒಂದೆರಡು ಎಳೆ ಅಂಗೈ ಮೇಲಿಟ್ಟು ತೋರಿಸುತ್ತಿದ್ದರು. ಈಚೆಗೆ ಬಾಟಲಿ ಮೇಲಿನ ಅರೆಗೆ ಏರಿತ್ತು. ಗಾಜಿನ ಬಾಗಿಲಿಗೆ ಬೀಗ ಬಿದ್ದಿತ್ತು. “ದೂರದಿಂದ ನೋಡಿ, ಗಾಳಿ ತಾಗಬಾರದು” ಎಂಬ ಕಟ್ಟಪ್ಪಣೆ ಬೇರೆ. ಆ ಜಂಬಕ್ಕೇ ಈ ಫೋನು.

ಶಂಭುಲಿಂಗಪ್ಪ ಸಲಹೆ ಕೇಳಲು ತನ್ನ ಬಳಿಗೇ ಓಡಿಬರುತ್ತಾರೆ, ಆಗ ಗುಟ್ಟು ಬಿಚ್ಚಿ ಎಲ್ಲರೂ ನಗಬಹುದು ಎಂಬುದು ಪಂಚಾಕ್ಷರಿಯ ಲೆಕ್ಕ. ಆದರೆ ಸಂಜೆ ಗೇಟು ತೆಗೆದಾಗ ಬಚ್ಚಲಮನೆಯ ಹೊಗೆಗೂಡಿನಿಂದ ಹಸಿರು ಮಿಶ್ರಿತ ಹೊಗೆ ಏಳುತ್ತಿತ್ತು.

ಹಂಡೆಯ ಒಲೆಯ ಮುಂದೆ ಶಂಭುಲಿಂಗಪ್ಪ ಕುಕ್ಕರುಗಾಲಲ್ಲಿ ಕೂತಿದ್ದರು. ಕೈಯಲ್ಲಿ ಖಾಲಿ ಬಾಟಲಿ. ಬಾಗಿಲಲ್ಲಿ ಗಿರಿಜಾದೇವಿ, ಕಣ್ಣಿಗೆ ಸೆರಗು.

“ನಾಳೆ ನನ್ನ ತಮ್ಮ ಬರ್ತಾನಲ್ರೀ. ಮಗಳ ಸ್ಕೂಲಿನ ಎಕ್ಸಿಬಿಷನ್ನಿಗೆ ಅದೇ ಬಾಟಲಿ ಬೇಕು ಅಂದಿದಾನೆ. ಏನು ಹೇಳಲಿ?”

“ಗಂಡ ಜೈಲಿಗೆ ಹೋಗೋದು ತಪ್ಪಿತು ಅಂತ ಹೇಳು. ನೀನೇ ಕಣ್ಣಾರೆ ನೋಡಿದೀಯ, ಒಂದೆಳೆ ಉಳಿದಿಲ್ಲ.”

ಪಂಚಾಕ್ಷರಿ ಗುಟ್ಟು ಬಿಚ್ಚದೆ ತನ್ನ ಬಾಗಿಲಿನತ್ತ ತಿರುಗಿದ. ಬ್ರಹ್ಮಚಾರಿಗೆ ಮನೆ ಕೊಡುವುದಿಲ್ಲ ಎಂದು ಶಂಭುಲಿಂಗಪ್ಪ ಹಟ ಹಿಡಿದಿದ್ದಾಗ ಗಂಡನನ್ನು ಒಪ್ಪಿಸಿದವರು ಇದೇ ಗಿರಿಜಾದೇವಿ. ಮುಂದಿನ ತಿಂಗಳು ಅವನ ಮದುವೆ. ಹೆಣ್ಣಿನ ಕಡೆಯವರು ಬಂದು ಮನೆ ನೋಡಿ, ನಲ್ಲಿ ತಿರುಗಿಸಿ, ನೀರು ಬಂದದ್ದನ್ನೂ ನೋಡಿ ಹೂಂ ಅಂದಿದ್ದರು. ಹುಡುಗನಿಗಿಂತ ನಲ್ಲಿಯೇ ಅವರಿಗೆ ಹೆಚ್ಚು ಹಿಡಿಸಿತ್ತು. ಈ ಮನೆ ಹೋದರೆ ಹುಡುಗಿಯೂ ಹೋದಂತೆಯೇ.

ಸುಮ್ಮನಿದ್ದುಬಿಡೋಣ ಎಂದುಕೊಂಡ. ಆದರೆ ಭಾನುವಾರ ಬಂದಿಳಿದ ಚನ್ನಮಲ್ಲಪ್ಪ, ಅಕ್ಕನ ಅಳು ಕೇಳಿ ಕೆಂಡವಾದ. ಅವನ ಮಾತು ಕಾಂಪೌಂಡಿನಾಚೆಗೂ ಕೇಳುತ್ತಿತ್ತು.

“ನಿಮ್ಮ ತಪ್ಪೇನಿಲ್ಲ ಬಿಡ್ರಿ ಭಾವ. ಅಂಗಡೀಲಿ ದುಡ್ಡು ಕೊಟ್ಟು ತಂದ ಸಾಮಾನು ಅದು. ನಾಳೆ ಆ ಆಫೀಸಿಗೇ ಹೋಗ್ತೀನಿ. ಫೋನ್ ಮಾಡಿದೋನು ಯಾರು ಅಂತ ಕೇಳೇ ಬರ್ತೀನಿ.”

ಪಂಚಾಕ್ಷರಿ ಇನ್ನು ತಡೆಯಲಿಲ್ಲ. ಶಂಭುಲಿಂಗಪ್ಪ ಸ್ಕೂಟರ್ ಒರೆಸಲು ಹೊರಗೆ ಬಂದಾಗ ಹತ್ತಿರ ಹೋದ.

“ಸಾರ್, ಫೋನ್ ಮಾಡಿದ್ದು ನಾನು. ತಮಾಷೆಗೆ ಮಾಡಿದೆ. ಮನೆ ಖಾಲಿ ಮಾಡು ಅಂದ್ರೆ ಮಾಡ್ತೀನಿ. ಮದುವೆ ಒಂದು ಆಗೋವರೆಗೆ...”

ಶಂಭುಲಿಂಗಪ್ಪನವರ ಕೈಯಲ್ಲಿದ್ದ ಬಟ್ಟೆ ನಿಂತಿತು. “ಹಂಗಾದ್ರೆ ಸೋಮವಾರ ಯಾರೂ ಬರಲ್ವಾ?”

“ಇಲ್ಲ ಸಾರ್.”

“ಆ ಸಾಹೇಬ್ರ ದನಿ ಇನ್ನೊಂದ್ಸಲ ಮಾಡು, ನೋಡೋಣ.”

ಮಾಡಿದ. ಮೂಗಿನ ನೆಗಡಿಯ ಜೊತೆ ಈಗ ನಿಜವಾದ ನಡುಕವೂ ಸೇರಿತ್ತು.

ಶಂಭುಲಿಂಗಪ್ಪ ಸೀಟು ಹಿಡಿದುಕೊಂಡು ನಕ್ಕರು. ಹಣೆಯ ವಿಭೂತಿ ಕಲಸಿಹೋಗುವವರೆಗೆ, ಎದುರು ಮನೆಯವರು ಕಿಟಕಿ ತೆಗೆದು ನೋಡುವವರೆಗೆ ನಕ್ಕರು. ಪಂಚಾಕ್ಷರಿಯೂ ಮರ್ಯಾದೆಗೆ ಸ್ವಲ್ಪ ನಕ್ಕ.

“ಬೆಳಿಗ್ಗೆ ಎಂಟಕ್ಕೆ ಇನ್ನೊಂದು ಫೋನ್ ಹೊಡಿ,” ಎಂದರು ಉಸಿರು ಹಿಡಿದು. “ಬಾಮೈದನ ಕೈಗೇ ಕೊಡ್ತೀನಿ. ಸುಟ್ಟಿದ್ದು ಒಳ್ಳೇದಾಯ್ತು, ಕೇಸು ಮುಗೀತು, ಯಾರೂ ಆಫೀಸಿನ ಹತ್ರ ಬರಬೇಡಿ ಅನ್ನು. ಮನೆ ವಿಷಯ ಬಿಡು. ಮದುವೆ ಮಾಡ್ಕೊಂಡು ಇಲ್ಲೇ ಇರು.”

“ಸಾರ್, ನಿಮ್ಮ ಡಾಲರ್ ಬೂದಿ ಆಗೋ ಹಾಗೆ ಮಾಡಿದೆ. ಕೋಪ ಬರಲಿಲ್ವಾ?”

ಶಂಭುಲಿಂಗಪ್ಪ ಅಡುಗೆಮನೆಯ ಕಿಟಕಿಯತ್ತ ನೋಡಿ, ಅವನ ಕಿವಿಗೆ ಬಗ್ಗಿದರು.

“ಸಂಕ್ರಾಂತಿಗೆ ಇವಳು ತವರಿಗೆ ಹೋಗಿದ್ದಾಗ, ಒಂದು ನೋಟಾದ್ರೂ ಆದೀತು ಅಂತ ಎಲ್ಲಾ ಚೂರೂ ನೆಲದ ಮೇಲೆ ಹರಡ್ಕೊಂಡು ಅಂಟಿಸ್ತಾ ಕೂತಿದ್ದೆ, ಹೋಗಿದ್ದ ಕರೆಂಟು ಬಂತು, ಫ್ಯಾನ್ ತಿರುಗ್ತು, ಅಮೆರಿಕಾ ಪೂರ್ತಿ ಕಿಟಕಿಯಿಂದ ಮೋರಿಗೆ ಹೋಯ್ತು — ನಿನ್ನೆ ಉರಿದದ್ದು ನಾನೇ ಕತ್ತರಿಸಿ ತುಂಬಿಟ್ಟಿದ್ದ ಹಳೇ ಹಸಿರು ಲಾಟರಿ ಟಿಕೆಟ್ಟು ಕಣಯ್ಯಾ.”