ಕೈತಪ್ಪಿದ ಮರಗಳು

ಟೀಚರಮ್ಮನ ಅಂಗಳದ ಮರವನ್ನು ಅವನು ಮೂರು ಸುತ್ತು ಹಾಕಿದ. ಕೊಡಲಿಯ ಬೆನ್ನಿನಿಂದ ಬುಡಕ್ಕೆ ನಾಲ್ಕು ಕಡೆ ತಟ್ಟಿದ. ತಟ್ಟುವಾಗಲೂ ಅವನ ಕಣ್ಣು ಗೇಟಿನ ಮೇಲೇ ಇತ್ತು. ತಾನು ಹೋಗಿಬಂದ ಮನೆಗಳಿಗೆಲ್ಲ ತನ್ನ ಹಿಂದೆಯೇ ಯಾರೋ ಹೋಗುತ್ತಿದ್ದಾರೆ. ಈ ವರ್ಷ ದರ ಹೇಳಿಬಂದ ಐದು ದೊಡ್ಡ ಮರಗಳು ಹಾಗೇ ಕೈತಪ್ಪಿದ್ದವು. ಆರನೆಯದನ್ನು ಬಿಡಬಾರದು, ಆ ಮನುಷ್ಯನನ್ನು ಇವತ್ತು ಹಿಡಿಯಲೇಬೇಕು ಎಂದು ಬೆಳಿಗ್ಗೆಯೇ ನಿಶ್ಚಯಿಸಿದ್ದ.

ಕಡಿಯುವುದಕ್ಕೆ ಕಾಸಿಲ್ಲ, ಇಳಿಸುವುದಕ್ಕೆ ಕಾಸು ಎಂದು ಅವನಪ್ಪ ಹೇಳುತ್ತಿದ್ದ. ಕೆಳಗೆ ಹೆಂಚಿದೆಯೋ, ತಂತಿಯಿದೆಯೋ ನೋಡಬೇಕು. ಎಲ್ಲಕ್ಕಿಂತ ಮೊದಲು ತಟ್ಟಬೇಕು. ಒಳಗೆ ಗಟ್ಟಿಯಿದ್ದರೆ ಹಗ್ಗ ಕಟ್ಟಿಕೊಂಡು ಹತ್ತಬಹುದು. ಪೊಳ್ಳಾಗಿದ್ದರೆ ಹತ್ತಿದವನ ಸಮೇತ ಮುರಿಯುತ್ತದೆ. ಅಂಥದ್ದನ್ನು ಲಾರಿಯ ಮೇಲಿಂದ ಎತ್ತರಕ್ಕೇರುವ ತೊಟ್ಟಿಲಲ್ಲಿ ನಿಂತು, ಮರಕ್ಕೆ ಮೈ ತಾಕಿಸದೆ ಇಳಿಸಬೇಕು. ಅವನ ಅದೃಷ್ಟ, ಈ ವರ್ಷ ತಟ್ಟಿದ ಮರಗಳಲ್ಲಿ ಒಂದೂ ಪೊಳ್ಳಲ್ಲ.

“ಕಬ್ಬಿಣ ಇದ್ದ ಹಾಗಿದೆ ಟೀಚರಮ್ಮ. ನಾನೇ ಹತ್ತಿ ಇಳಿಸ್ತೀನಿ,” ಎಂದು ದರ ಹೇಳಿದ. ಊರಲ್ಲಿ ಅದಕ್ಕಿಂತ ಕಡಿಮೆಗೆ ಯಾರೂ ಬರಲಾರರು. ಟೀಚರಮ್ಮ ಮರದ ಕಡೆ ಮುಖ ಮಾಡಿಕೊಂಡೇ ಏನೋ ಗೊಣಗಿದರು. ಈಗಿನ ಜನವೆಲ್ಲ ಹೀಗೇ, ಮಾತನ್ನು ಅರ್ಧ ನುಂಗಿಬಿಡುತ್ತಾರೆ. ಸಂಜೆ ಹೇಳುತ್ತೇನೆ ಎಂದಿರಬೇಕು. ಹಿಂದಿನ ಐವರೂ ಅದನ್ನೇ ಅಂದಿದ್ದರು.

ಸೋಜಿಗವೆಂದರೆ, ಆ ಐದೂ ಮರಗಳು ಹೋದದ್ದು ಅವನ ಬಾಮೈದನಿಗೆ. ಹೆಂಡತಿಯ ಒಡಹುಟ್ಟಿದ ತಮ್ಮ, ತೊಟ್ಟಿಲ ಲಾರಿ ಇಟ್ಟವನು. ಅವನ ದರ ಇವನ ದರದ ದುಪ್ಪಟ್ಟು. ಕಡಿಮೆಯವನನ್ನು ಬಿಟ್ಟು ಹೆಚ್ಚಿನವನಿಗೆ ಕೆಲಸ ಕೊಡಬೇಕಾದರೆ ನಡುವೆ ಯಾರೋ ಕಿವಿ ಕಚ್ಚಿರಲೇಬೇಕು.

ಗುರುತುಗಳೂ ಕಡಿಮೆಯಿರಲಿಲ್ಲ. ಅವನು ಟೀ ಅಂಗಡಿಗೆ ಕಾಲಿಟ್ಟರೆ ಅಲ್ಲಿದ್ದವರು ಪಿಸುಮಾತಿಗೆ ಇಳಿಯುತ್ತಿದ್ದರು. ಫೋನು ಎತ್ತಿದರೆ ಆ ಕಡೆಯವರು ಉಸಿರೆತ್ತುತ್ತಿರಲಿಲ್ಲ. ಮನೆಯಲ್ಲಿ ಹೆಂಡತಿ ಊಟಕ್ಕೆ ಕರೆಯುವುದಕ್ಕೂ ಮುಖದ ಮುಂದೆ ಬಂದು ಜಗಳಕ್ಕೆ ನಿಂತವಳಂತೆ ಬಾಯಿ ಅಗಲಿಸುತ್ತಿದ್ದಳು; ಪಕ್ಕದ ಮನೆಯವರು ಕಿಟಕಿಯಿಂದ ಇಣುಕುತ್ತಿದ್ದರು. ಮೂವತ್ತು ವರ್ಷ ಗರಗಸದ ಯಂತ್ರವನ್ನು ಹೆಗಲಿಗೆ ಆನಿಸಿ ಸಾಕಿದ ಸಂಸಾರ. ಗಂಡ ಈಗ ಸದರವಾಗಿದ್ದ.

ಹೋದ ವಾರ ಬಾಮೈದ ಮನೆಗೇ ಬಂದಿದ್ದ. ಎದುರಿಗೆ ಕೂತು, ಮಗುವಿಗೆ ಹೇಳುವಂತೆ ಒಂದೊಂದೇ ಮಾತು ಬಿಡಿಸಿ ಹೇಳಿದ್ದ. “ಭಾವ, ದೊಡ್ಡ ಮರ ನನಗೆ ಬಿಡಿ. ನೀವು ಕೆಳಗೆ ನಿಂತು ಹಗ್ಗ ಹಿಡೀರಿ. ದಿನಗೂಲಿ ಕೊಡ್ತೀನಿ.”

“ನಿಂಗೆ ಗಂಟು ಹಾಕೋದು ಕಲಿಸಿದವನು ನಾನು,” ಎಂದಿದ್ದ ಇವನು. “ನಿನ್ನ ಕೂಲಿ ತಿನ್ನೋ ಬದಲು ತೊಗಟೆ ತಿಂತೀನಿ.”

ಹೆಂಡತಿ ತಮ್ಮನ ಪರವೇ ತಲೆಯಾಡಿಸಿದ್ದಳು. ಅದು ಅವನಿಗೆ ಮುಳ್ಳಿನಂತೆ ಒಳಗೇ ಉಳಿದಿತ್ತು. ಈ ಮರವೂ ಹೋದರೆ ಯಂತ್ರ ಮಾರಬೇಕು. ಬಾಮೈದನ ಹಗ್ಗ ಹಿಡಿಯುವುದೊಂದೇ ಆಮೇಲೆ ಉಳಿಯುವ ದಾರಿ.

ಟೀಚರಮ್ಮನ ಗೇಟು ದಾಟಿದವನು ಮನೆಗೆ ಹೋಗಲಿಲ್ಲ. ಎದುರು ಸಾಲಿನ ಸೈಕಲ್ ಅಂಗಡಿಯಲ್ಲಿ, ತೂಗುಹಾಕಿದ ಟೈರುಗಳ ಹಿಂದೆ ನಿಂತ. ಸ್ವಲ್ಪ ಹೊತ್ತಿನ ಮೇಲೆ ಹಿಂದಿನಿಂದ ಯಾರೋ ಭುಜ ಹಿಡಿದು ಅಲ್ಲಾಡಿಸಿದರು. ಅಂಗಡಿಯವನು.

“ಮೂರು ಸಲ ಕೇಳ್ದೆ ಮಾರಾಯ, ಯಾರಿಗೆ ಹೊಂಚು ಹಾಕ್ತಿದ್ದೀಯ?”

“ನನ್ನ ಅನ್ನಕ್ಕೆ ಮಣ್ಣು ಹಾಕೋರಿಗೆ.”

ಅಂಗಡಿಯವನು ಇನ್ನೂ ಏನೋ ಅಂದ. ಇವನು ಆ ಕಡೆ ನೋಡಲಿಲ್ಲ. ಟೀಚರಮ್ಮನ ಗೇಟು ತೆರೆದಿತ್ತು. ಒಳಗೆ ಹೋಗುತ್ತಿದ್ದವಳು ಅವನ ಹೆಂಡತಿ.

ಅವಳು ಚೀಲದಿಂದ ಕೊಡಲಿ ತೆಗೆದಳು. ಮನೆಯ ಅಟ್ಟದಲ್ಲಿರಬೇಕಾಗಿದ್ದ ಅವನದೇ ಹಳೆಯ ಕೊಡಲಿ. ಅವನು ತಟ್ಟಿದ್ದ ನಾಲ್ಕು ಕಡೆಯೂ ತಟ್ಟಿದಳು. ಒಂದು ಕಡೆ ಟೀಚರಮ್ಮನ ಕಿವಿಯನ್ನು ಕಾಂಡಕ್ಕೆ ಆನಿಸಿ ನಿಲ್ಲಿಸಿ, ಮತ್ತೆ ತಟ್ಟಿದಳು. ಟೀಚರಮ್ಮ ಬೆಚ್ಚಿ ನಾಲ್ಕು ಹೆಜ್ಜೆ ಹಿಂದೆ ಸರಿದು ಮರದ ನೆತ್ತಿ ನೋಡಿದರು. ಹೆಂಡತಿ ಫೋನು ಒತ್ತಿ ಅವರ ಕೈಗೆ ಕೊಟ್ಟಳು. ಯಾರಿಗೆ ಎಂದು ಅವನಿಗೆ ಬೇರೆ ಹೇಳಬೇಕಾಗಿರಲಿಲ್ಲ.

ತವರಿನ ಕಣಜ ತುಂಬಿಸಲು ಗಂಡನ ಹೊಟ್ಟೆಗೇ ಕೊಡಲಿ. ಅದೂ ಅವನದೇ ಕೊಡಲಿ.

ಟೈರುಗಳನ್ನು ತಳ್ಳಿಕೊಂಡು ಅವನು ರಸ್ತೆಗೆ ಇಳಿದ. ಕಣ್ಣು ಅವಳ ಮೇಲಿಂದ ಕದಲಲಿಲ್ಲ. ಎಲ್ಲೋ ದೂರದಲ್ಲಿ ಜೇನುಹುಳವೊಂದು ಗುಂಯ್‌ಗುಡುತ್ತಿತ್ತು. ಅವಳು ತಿರುಗಿದಳು. ಅವನನ್ನು ಕಂಡಳು. ಮುಖದ ಬಣ್ಣ ಇಳಿಯಿತು. ಕೈ ಮೇಲೆತ್ತಿದಳು, ಬಾಯಿ ತೆರೆದಳು, ಕೊಡಲಿ ಬಿಸಾಡಿ ಗೇಟಿನಿಂದಾಚೆ ಓಡಿಬಂದಳು. ಸಿಕ್ಕಿಬಿದ್ದ ಕಳ್ಳಿ ಹೀಗೇ ಓಡಿಬಂದು ಕಾಲಿಗೆ ಬೀಳುತ್ತಾಳೆ ಎಂದುಕೊಂಡ. ರಸ್ತೆಯ ನಡುವೆಯೇ ನಿಂತ.

“ತಮ್ಮನಿಗೆ ಎಷ್ಟಕ್ಕೆ ಮಾರಿದೆ ನನ್ನ?”

ಅವಳು ಎರಡೂ ಭುಜ ಹಿಡಿದು, ಇದ್ದ ಬಲವನ್ನೆಲ್ಲ ಹಾಕಿ ಅವನನ್ನು ಹಿಂದಕ್ಕೆ ತಿರುಗಿಸಿದಳು.

ಲಾರಿಯ ಮೂತಿ ಅವನ ಎದೆಯಿಂದ ಒಂದು ಮೊಳ ದೂರದಲ್ಲಿತ್ತು. ರಸ್ತೆಯ ಎರಡೂ ಬದಿಯಲ್ಲಿ ಜನ ಕಿವಿ ಮುಚ್ಚಿಕೊಂಡು ನಿಂತಿದ್ದರು. ಚಾಲಕ ಹಲ್ಲು ಕಚ್ಚಿ, ಅಂಗೈಯನ್ನು ಹಾರನ್ ಮೇಲೆ ಪೂರ್ತಿ ಒತ್ತಿಹಿಡಿದಿದ್ದ.

ಚಾಲಕ ಕೈ ತೆಗೆದ; ಜೇನುಹುಳ ಸುಮ್ಮನಾಯಿತು.