ತೀವ್ರ: ಸೊನ್ನೆ

"ಸೊನ್ನೆನಾ? ಸರಿಯಾಗಿ ನೋಡಮ್ಮ," ಎಂದರು ಡಾಕ್ಟರು.

ಆಸ್ತಮಾ ಕ್ಲಿನಿಕ್ಕಿನ ಗುಮಾಸ್ತೆ ರಿಜಿಸ್ಟರಿನ ಮೇಲೆ ಇನ್ನೊಮ್ಮೆ ಬೆರಳಾಡಿಸಿದಳು. ಹೊಸದಾಗಿ ಆಸ್ತಮಾ ಪತ್ತೆಯಾದವರ ಸಂಖ್ಯೆ ತಿಂಗಳಿಂದ ತಿಂಗಳಿಗೆ ಏರುತ್ತಲೇ ಇತ್ತು. ಆದರೆ 'ತೀವ್ರ' ಎಂಬ ಕಾಲಂನಲ್ಲಿ ಮೂರು ತಿಂಗಳ ಹಿಂದೆ ನಲವತ್ತೊಂದು, ಆಮೇಲೆ ಒಂಬತ್ತು, ಈಗ ಸೊನ್ನೆ.

"ಸೊನ್ನೆನೇ ಸರ್."

"ನಾನು ಹೇಳಿರ್ಲಿಲ್ವಾ? ಕ್ಲಿನಿಕ್ ಮೂರನೇ ಮಹಡಿಗೆ ತಂದಿದ್ದೇ ತಂದಿದ್ದು, ಒಳ್ಳೇ ಗಾಳಿ! ಕೆಳಗೆ ಆ ರಸ್ತೆ ಧೂಳಲ್ಲಿ ಯಾರಿಗೆ ವಾಸಿಯಾಗುತ್ತೆ?" ಡಾಕ್ಟರು ಹಿರಿಹಿರಿ ಹಿಗ್ಗಿದರು. ಕೆಟ್ಟವರಲ್ಲ ಪಾಪ, ರೋಗಿಗಳು ಚೆನ್ನಾಗಿದ್ದಾರೆಂದರೆ ಊಟ ಮರೆಯುವ ಆಸಾಮಿ. "ಹಾಗಾದ್ರೆ ತೀವ್ರ ಇರೋರಿಗೆ ಮಾಸ್ಕಲ್ಲಿ ಔಷಧಿ ಕೊಡೋ ನೆಬ್ಯುಲೈಸರ್ ಇಲ್ಯಾಕೆ ಸುಮ್ನೆ ಕೂತಿರ್ಬೇಕು? ಬೇರೆ ಆಸ್ಪತ್ರೆಯವರು ಕೇಳ್ತಿದಾರೆ. ಇವತ್ತೇ ಕಳಿಸಿಬಿಡೋಣ, ಪತ್ರ ಬರಿ."

ಅವಳು ಬರೆದಳು. ಹಿಂಬದಿಯ ಲಿಫ್ಟು ಅಂದೇ ಕೈಕೊಟ್ಟಿತ್ತು. ಅದರ ಕೀಲಿ ಸಿಬ್ಬಂದಿಯ ಹತ್ತಿರ ಮಾತ್ರ. ರೋಗಿಗಳಿಗೆ ಮುಂಬಾಗಿಲ ಮೆಟ್ಟಿಲು. ಕ್ಲಿನಿಕ್ಕು ಮೇಲೆ ಬಂದಾಗಿನಿಂದ ಇವರಿಬ್ಬರೂ ಆ ಮೆಟ್ಟಿಲು ತುಳಿದವರಲ್ಲ. "ನಡಿ, ನಾನೇ ಹಿಡ್ಕೋತೀನಿ," ಎಂದು ಡಾಕ್ಟರು ಯಂತ್ರವನ್ನು ಎದೆಗವಚಿಕೊಂಡು ಇಳಿದರು. ಮಾಸ್ಕು, ಕೊಳವೆ, ಪತ್ರ ಅವಳ ಕೈಯಲ್ಲಿ.

ಮೊದಲನೇ ಮಹಡಿಯ ತಿರುವಿನಲ್ಲಿ ಇಬ್ಬರೂ ಗಕ್ಕನೆ ನಿಂತರು. ಆರೇಳು ಜನ ಮೆಟ್ಟಿಲ ಮೇಲೆ ಗೋಡೆಗೊರಗಿ ಕೂತಿದ್ದರು. ಮಾತಿಲ್ಲ ಕತೆಯಿಲ್ಲ, ಸುಂಯ್ ಸುಂಯ್ ಎನ್ನುವ ಉಸಿರಷ್ಟೇ. ಗುಮಾಸ್ತೆ ಒಬ್ಬೊಬ್ಬರನ್ನೇ ನೋಡಿದಳು. ಎಲ್ಲ ಗುರುತಿನ ಮುಖಗಳೇ. ತುದಿಯಲ್ಲಿ ಕೂತಿದ್ದ ಅಜ್ಜಿಯದಂತೂ ತೀವ್ರ ರೋಗಿಗಳ ಹಳೆಯ ಪಟ್ಟಿಯಲ್ಲಿ ಮೊದಲನೇ ಹೆಸರು.

"ಅಜ್ಜೀ, ಇಲ್ಯಾಕೆ ಕೂತಿದೀರಾ?"

"ವಾರ ವಾರಾನೂ... ಬರ್ತೀನಿ ಮಗಳೇ. ಇಲ್ಲೀವರೆಗೆ... ಹತ್ತಕ್ಕಾಗುತ್ತೆ. ಆಮೇಲೆ ಉಸಿರು... ಸಾಲಲ್ಲ. ಸ್ವಲ್ಪ ಕೂತು... ಮನೆಗ್ ಹೋಗ್ತೀನಿ."

"ನಲವತ್ತೊಂದು ಜನ ಇದ್ರಲ್ಲ," ಎಂದರು ಡಾಕ್ಟರು. "ಉಳಿದವರೆಲ್ಲಿ?"

"ಅವರಿಗೆ... ಇಷ್ಟೂ ಹತ್ತಕ್ಕಾಗಲ್ಲ."

ಗುಮಾಸ್ತೆ ಪತ್ರವನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡಳು. ತಾನೇ ದುಂಡಗೆ ಬರೆದ ಸೊನ್ನೆ ಅದರಲ್ಲಿತ್ತು.

ಅಷ್ಟರಲ್ಲಿ ಅಜ್ಜಿಯ ಕಣ್ಣು ಡಾಕ್ಟರು ಎದೆಗವಚಿಕೊಂಡಿದ್ದ ಯಂತ್ರದ ಮೇಲೆ ಬಿತ್ತು. ಮುಖ ಅರಳಿತು. ಪಕ್ಕದಲ್ಲಿದ್ದವನ ಭುಜ ತಟ್ಟಿ, "ಏಳಪ್ಪಾ... ನೋಡು! ಪುಣ್ಯಾತ್ಮ... ನಮಗೋಸ್ಕರ ತಾವೇ... ಹೊತ್ಕೊಂಡು ಬಂದಿದಾರೆ," ಎಂದವಳೇ, ಅಂಗೈಯಿಂದ ಬಾಯಿ ಒರೆಸಿಕೊಂಡು, ಮಾಸ್ಕಿಗಾಗಿ ಮುಖ ಎತ್ತಿ ಹಿಡಿದಳು.